ಹಳೆಯ ಜೀಪಿಗೆ ಟ್ರೇಲರ್ ಕಟ್ಟುವ ಮುನ್ನ



ದಿನವೂ ಓಡಿಸುವ ಹಳೆಯ ಬೊಲೆರೊ, ಸ್ಕಾರ್ಪಿಯೊಗೆ ಟ್ರೇಲರ್ ಕಟ್ಟಿ ಹಾಲು ಸಾಗಿಸುವ ಯೋಚನೆಯಿದೆಯೇ? 40 ಲೀಟರಿನ 10 ಕ್ಯಾನ್ ತುಂಬಿದರೆ ಹಾಲಿನ ತೂಕವೇ ಸುಮಾರು 412 ಕಿಲೋ. ಏರಿನಲ್ಲಿ ಎಂಜಿನ್ ಕಾದು ಗಾಡಿ ನಿಂತರೆ ಹಾಲು ಹುಳಿಯಾಗಿ, ಆ ಹೊತ್ತಿನ ದುಡಿಮೆಯೇ ಮಣ್ಣುಪಾಲು.

ಗಾಡಿ ಎಳೆಯುತ್ತಿಲ್ಲವೆಂದು ಕೂಡಲೇ ಚಿಪ್ ಹಾಕಿಸಲು ಹೊರಡಬೇಡಿ. ಮೊದಲು ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯಿರಿ.

* ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ. ಟರ್ಬೊ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ. ಇಂಜೆಕ್ಟರ್ ಪರೀಕ್ಷಿಸಿ.
* ರೇಡಿಯೇಟರ್ ಸ್ವಚ್ಛಗೊಳಿಸಿ, ಹೊಸ ಕೂಲೆಂಟ್ ತುಂಬಿಸಿ, ಫ್ಯಾನ್ ಸರಿಪಡಿಸಿ.
* ಸವೆದ ಕ್ಲಚ್ ಪ್ಲೇಟ್ ಬದಲಿಸಿ. ಇಲ್ಲವಾದರೆ ಎಷ್ಟೇ ಪವರ್ ಏರಿಸಿದರೂ ಕ್ಲಚ್ ಸುಡುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ.
* ಎಳೆಯುವುದಕ್ಕಿಂತ ನಿಲ್ಲಿಸುವುದು ಮುಖ್ಯ. ಬ್ರೇಕ್, ಟೈರ್, ಟ್ರೇಲರ್ ಲೈಟ್ ನೋಡಿಕೊಳ್ಳಿ.
* ಭಾರ ಟ್ರೇಲರಿನ ಅಚ್ಚಿಗಿಂತ ತುಸು ಮುಂದಿರಲಿ. ಹಿಂದಾದರೆ ಟ್ರೇಲರ್ ಓಲಾಡುತ್ತದೆ.
* ಇಳಿಜಾರಿನಲ್ಲಿ ಕೆಳ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಬೇಡವೇ ಬೇಡ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. ಹಣ ಖರ್ಚು ಮಾಡುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ಹಸುವಾಗಲಿ ಗಾಡಿಯಾಗಲಿ, ಮೊದಲು ಆರೈಕೆ, ಆಮೇಲೆ ದುಡಿಮೆ.