ಟಾಹೋ ಸುತ್ತ ಒಂದು ರಾತ್ರಿಯ ಜಾಗ ಹುಡುಕುತ್ತ

ಟಾಹೋ ಸಿಟಿಯ ಸೇತುವೆಯ ಕಟ್ಟೆಗೆ ಒರಗಿ ಕೆಳಗೆ ಬಗ್ಗಿದರೆ, ಹರಿವಿಗೆ ಎದುರಾಗಿ ಸಾಲುಗಟ್ಟಿ ನಿಂತ ಟ್ರೌಟ್ ಮೀನುಗಳು ಕಾಣುತ್ತವೆ. ಅದು ಟ್ರಕ್ಕೀ ನದಿ. ಲೇಕ್ ಟಾಹೋಗೆ 63 ಹಳ್ಳ ತೊರೆಗಳು ಬಂದು ಸೇರುತ್ತವೆ, ಹೊರಗೆ ಹೋಗುವ ದಾರಿ ಮಾತ್ರ ಇದೊಂದೇ. ಇಲ್ಲಿಂದ ಹೊರಟ ನೀರು ಸಮುದ್ರ ಕಾಣುವುದಿಲ್ಲ. ನೆವಾಡಾದ ಮರುಭೂಮಿಯೊಳಗಿನ ಪಿರಮಿಡ್ ಲೇಕ್ ಸೇರಿ ಅಲ್ಲೇ ಬಿಸಿಲಿಗೆ ಆವಿಯಾಗಿ ಹೋಗುತ್ತದೆ.

ಸೆಪ್ಟೆಂಬರ್ ನಡುವಿನ ಒಂದು ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಆ ಸೇತುವೆಯ ಮೇಲೆ ನಿಂತಿದ್ದೆವು. ಬಂದದ್ದು ಪ್ರವಾಸಕ್ಕಲ್ಲ, ಮುಂದಿನ ಜುಲೈಗೆ ಜಾಗ ನೋಡಲು. ಸನಿವೇಲ್‌ನ ನಮ್ಮ ಮೂರು ಮನೆಗಳು ಸೇರಿ ಹನ್ನೊಂದು ಜನ, ಎರಡು ಟೆಂಟು, ಬಾಡಿಗೆಗೆ ತರುವ 25 ಅಡಿಯ ಒಂದು ಆರ್‌ವಿ, ಅಂದರೆ ಒಳಗೇ ಹಾಸಿಗೆ ಇರುವ ಮೋಟರ್‌ಹೋಮ್. ಆರ್‌ವಿ ಬೇಕಾದದ್ದು ಅಮ್ಮನಿಗಾಗಿ. ಅವರಿಗೆ ಈಗ 76, ನೆಲದ ಮೇಲೆ ಮಲಗಿದರೆ ಏಳುವುದು ಕಷ್ಟ.

ಹಿಂದಿನ ವರ್ಷ ಬೇರೊಂದು ಸರೋವರದ ದಡದಲ್ಲಿ, ಫೋಟೋ ನೋಡಿ, ‘ನೀರಿಗೆ ಅತಿ ಹತ್ತಿರ’ ಎಂಬ ಮಾತು ನಂಬಿ ಸೈಟ್ ಹಿಡಿದಿದ್ದೆವು. ನೀರು ಹತ್ತಿರವಿದ್ದುದು ನಿಜ. ಆದರೆ ನೆಲ ಇಳಿಜಾರು, ಪಕ್ಕದಲ್ಲೇ ಶೌಚಾಲಯ, ಅದರ ಬಾಗಿಲು ರಾತ್ರಿಯಿಡೀ ಬಡಿಯುತ್ತಿತ್ತು. ದೀಪ ಟೆಂಟಿನ ಮೇಲೇ ಬೀಳುತ್ತಿತ್ತು. ನೀರಿನ ಕಡೆಯಿಂದ ಬೀಸುವ ಗಾಳಿ ನಿಲ್ಲಲೇ ಇಲ್ಲ. ಅಮ್ಮ ಎರಡು ಗಂಟೆಗೆ ಎದ್ದು ಹೋಗಿ ಕಾರಿನಲ್ಲಿ ಶಾಲು ಹೊದ್ದು ಕೂತವರು ಬೆಳಗಾಗುವವರೆಗೂ ಅಲ್ಲೇ ಇದ್ದರು. ಆವತ್ತು ನನಗೆ ತಿಳಿದದ್ದು ಇಷ್ಟು: ಹಗಲಿನ ಸರೋವರ ಎಲ್ಲರದು, ಯಾವ ದಡದಲ್ಲಿ ಬೇಕಾದರೂ ಹೋಗಿ ನೋಡಬಹುದು. ಕ್ಯಾಂಪ್‌ಗ್ರೌಂಡಿನಲ್ಲಿ ನಾವು ದುಡ್ಡು ಕೊಟ್ಟು ಹಿಡಿಯುವುದು ರಾತ್ರಿಯನ್ನು. ಹಾಗಾಗಿ ಜಾಗವನ್ನು ರಾತ್ರಿಯ ಕಣ್ಣಿನಿಂದಲೇ ನೋಡಬೇಕು.

ಬೆಟ್ಟದ ಮೇಲಿನ ನೀರು

ಟಾಹೋ ಅರ್ಧ ಕ್ಯಾಲಿಫೋರ್ನಿಯಾದ್ದು, ಅರ್ಧ ನೆವಾಡಾದ್ದು ಅನ್ನುತ್ತಾರೆ. ಲೆಕ್ಕ ಹಾಕಿದರೆ ಮೂರರಲ್ಲಿ ಎರಡು ಪಾಲು ಕ್ಯಾಲಿಫೋರ್ನಿಯಾದ್ದೇ. ಉದ್ದ 22 ಮೈಲಿ, ಅಗಲ 12 ಮೈಲಿ, ದಡದ ಸುತ್ತಳತೆ 72 ಮೈಲಿ. ಆಳ 1,645 ಅಡಿ. ಅಮೆರಿಕದಲ್ಲಿ ಇದಕ್ಕಿಂತ ಆಳದ್ದು ಕ್ರೇಟರ್ ಲೇಕ್ ಒಂದೇ. ನೀರಿನ ಮಟ್ಟವೇ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿ ಇಷ್ಟು ದೊಡ್ಡ ನೀರು ನಿಂತಿದೆ ಎಂದುಕೊಂಡರೆ ಇಲ್ಲಿನ ರಾತ್ರಿಯ ಚಳಿ ಅರ್ಥವಾಗುತ್ತದೆ. ಜುಲೈ ತಿಂಗಳ ಹಗಲಲ್ಲಿ ಅರ್ಧ ತೋಳಿನ ಅಂಗಿ ಸಾಕು, ರಾತ್ರಿ ಉಣ್ಣೆಯ ಟೋಪಿ ಬೇಕು.

ಇದು ಸಾವಿರಾರು ವರ್ಷಗಳಿಂದ ವಾಶೋ ಜನರ ನೆಲ. ಅವರ ‘ದಾ ಅವ್’ ಎಂಬ ಮಾತೇ ಬಂದವರ ಬಾಯಲ್ಲಿ ಟಾಹೋ ಆಯಿತು. ಪೂರ್ವ ದಡದ ಕೇವ್ ರಾಕ್ ಅವರಿಗೆ ಪವಿತ್ರ ಬಂಡೆ. ಹೆದ್ದಾರಿ ಅದನ್ನೇ ಕೊರೆದುಕೊಂಡು ಹೋಗುತ್ತದೆ. ಆ ಸುರಂಗ ದಾಟುವಾಗ ಇಬ್ಬರೂ ಮಾತು ನಿಲ್ಲಿಸಿದೆವು.

ಪೂರ್ವ ದಡ: ತಂತಿ, ಮರಳು, ಗಾಳಿ

ಸುರಂಗ ದಾಟಿ ಸ್ವಲ್ಪ ದೂರ ಬಂದರೆ ಜೆಫರ್ ಕೋವ್. ಆರ್‌ವಿ ಇರುವವರಿಗೆ ಎಲ್ಲ ಅನುಕೂಲ ಇರುವ ಜಾಗ ಇದು. ‘ಫುಲ್ ಹುಕ್‌ಅಪ್’ ಎಂದರೆ ಸೈಟಿನಲ್ಲೇ ವಿದ್ಯುತ್ತು, ನೀರು, ಕೊಳಚೆ ಕೊಳವೆ ಮೂರೂ ಇರುತ್ತವೆ, ಗಾಡಿಯನ್ನು ಮನೆಯ ಹಾಗೆ ಜೋಡಿಸಿಬಿಡಬಹುದು. ರಾತ್ರಿ ಉಸಿರಾಟದ ಯಂತ್ರ ಬಳಸುವ ಹಿರಿಯರು ಜೊತೆಗಿದ್ದರೆ ಮುಂದೆ ನೋಡದೆ ಇಂಥದ್ದನ್ನೇ ಹಿಡಿಯಬೇಕು. ಆದರೆ ಕ್ಯಾಂಪು ಒಂದು ಕಡೆ, ನೀರು ಇನ್ನೊಂದು ಕಡೆ, ನಡುವೆ ಹೆದ್ದಾರಿ 50. ಕಣ್ಣು ಮುಚ್ಚಿ ಐದು ನಿಮಿಷ ನಿಂತು ಕೇಳಿದೆವು. ಟ್ರಕ್ಕುಗಳು ಏರು ಹತ್ತುವ ಸದ್ದು ಬರುತ್ತಲೇ ಇತ್ತು. ಅಮ್ಮನಿಗೆ ಯಂತ್ರ ಬೇಕಿಲ್ಲ, ನಿಶ್ಶಬ್ದ ಬೇಕು.

ಅಲ್ಲಿಂದ ದಕ್ಷಿಣಕ್ಕೆ ನೆವಾಡಾ ಬೀಚ್. ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡ್. ಎತ್ತರದ ಪೈನ್ ಮರಗಳ ಕೆಳಗೆ ಸೈಟುಗಳು, ಮುಂದೆ ಅಗಲವಾದ ಮರಳು, ಎದುರು ದಡದಲ್ಲಿ 9,735 ಅಡಿಯ ಮೌಂಟ್ ಟಾಲಕ್. ಹೆಂಡತಿ ಒಂದು ಜೆಫ್ರಿ ಪೈನ್ ಮರಕ್ಕೆ ಮುಖ ಹಚ್ಚಿ ನಿಂತಳು. ‘ಬಾ, ಮೂಸಿ ನೋಡು’ ಅಂದಳು. ಕಂದು ತೊಗಟೆಯ ಬಿರುಕಿಗೆ ಮೂಗು ಒತ್ತಿದೆ. ಬಿಸಿಲು ಕಾಸಿದ ತೊಗಟೆಯಿಂದ ವೆನಿಲ್ಲಾದ ಘಮ, ಬೇಕರಿಯ ಬಾಗಿಲು ತೆಗೆದ ಹಾಗೆ. ಸೂರ್ಯಾಸ್ತ ನೋಡಲು ಇಲ್ಲಿಗಿಂತ ಒಳ್ಳೆಯ ಜಾಗ ಇರಲಾರದು. ಆದರೆ ಮಧ್ಯಾಹ್ನವಾದ ಮೇಲೆ ಗಾಳಿ ಪಡುವಣದಿಂದ ಏಳುತ್ತದೆ, ಮೈಲಿಗಟ್ಟಲೆ ತೆರೆದ ನೀರು ದಾಟಿ ನೇರ ಈ ದಡಕ್ಕೇ ಬಡಿಯುತ್ತದೆ. ಒಂದು ಗಂಟೆಗೆ ಕನ್ನಡಿಯಂತಿದ್ದ ನೀರು ಎರಡೂವರೆಗೆ ನೊರೆಯೆದ್ದಿತ್ತು. ಯಾರದೋ ಟೆಂಟಿನ ಮೇಲುಹೊದಿಕೆ ಪಟಪಟ ಬಡಿದುಕೊಳ್ಳುತ್ತಿತ್ತು. ಎಳೆಯರ ಗುಂಪಿಗೆ ಇದು ಸ್ವರ್ಗ. ನಮ್ಮ ಪಟ್ಟಿಯಲ್ಲಿ ಎರಡನೆಯದಾಗಿ ಬರೆದುಕೊಂಡೆವು.

ದಕ್ಷಿಣ: ಮಕ್ಕಳಿರುವವರಿಗೆ

ಫಾಲನ್ ಲೀಫ್ ಕ್ಯಾಂಪ್‌ಗ್ರೌಂಡಿನ ಗೇಟಿನಲ್ಲಿ ಕೇಳಿಕೊಂಡು ಒಳಗೆ ನಡೆದೆವು. ಸುಮಾರು 200 ಸೈಟುಗಳ ದೊಡ್ಡ ಊರು ಇದು. ಟಾಹೋಗೂ ಫಾಲನ್ ಲೀಫ್ ಎಂಬ ಚಿಕ್ಕ ಸರೋವರಕ್ಕೂ ನಡುವಿನ ಕಾಡಿನಲ್ಲಿದೆ. ಸೈಕಲ್ ದಾರಿ ಹತ್ತಿರ, ಟೇಲರ್ ಕ್ರೀಕ್ ಹತ್ತಿರ. ಶರತ್ಕಾಲದಲ್ಲಿ ಕೊಕನಿ ಸಾಲ್ಮನ್ ಮೀನುಗಳು ಕೆಂಪಾಗಿ ಆ ತೊರೆ ಹತ್ತುವುದನ್ನು ಮಕ್ಕಳು ನೋಡಲೇಬೇಕು. ಹುಕ್‌ಅಪ್ ಇಲ್ಲ, ಆದರೆ ದೊಡ್ಡ ಗಾಡಿಗೂ ಜಾಗವಿದೆ.

ಇಲ್ಲಿ ನಡೆಯುವಾಗ ಒಂದು ವಿಷಯ ಗಮನಿಸಿದೆವು. ಒಂದೇ ಕ್ಯಾಂಪಿನೊಳಗೆ ಸೈಟಿಂದ ಸೈಟಿಗೆ ಆಕಾಶ ಭೂಮಿ ಅಂತರ. ಒಳಸುತ್ತಿನ ಸೈಟುಗಳಿಗೆ ನಾಲ್ಕೂ ಕಡೆ ನೆರೆಯವರು, ಹೊರಸುತ್ತಿನವಕ್ಕೆ ಒಂದು ಕಡೆ ಬರೀ ಕಾಡು. ತಿರುವಿನಲ್ಲಿರುವ ಸೈಟಿಗೆ ಪ್ರತಿ ಗಾಡಿಯ ಹೆಡ್‌ಲೈಟು ಬೀಳುತ್ತದೆ. ಶೌಚಾಲಯ ಇರಬೇಕಾದದ್ದು ಸುಮಾರು ನೂರು ಹೆಜ್ಜೆ ದೂರದಲ್ಲಿ. ಅದಕ್ಕಿಂತ ಹತ್ತಿರವಾದರೆ ಸದ್ದು, ಬಹಳ ದೂರವಾದರೆ ಹಿರಿಯರಿಗೆ ಕಷ್ಟ. ಟೆಂಟ್ ಹಾಕುವ ಕಡೆ ಒಣಗಿದ ಕೊಂಬೆಯ ಮರ ಇದೆಯೇ ಎಂದು ಕತ್ತೆತ್ತಿ ನೋಡಬೇಕು. ಆರ್‌ವಿ ನಿಲ್ಲುವ ಕಟ್ಟೆ ಮಟ್ಟಸವಾಗಿರಬೇಕು, ಹಿಮ್ಮುಖವಾಗಿ ನುಗ್ಗಿಸುವಾಗ ಬಂಡೆ ಅಡ್ಡ ಬರಬಾರದು. ಇದೊಂದೂ ನಕಾಶೆಯಲ್ಲಿ ಇರುವುದಿಲ್ಲ.

ಪಶ್ಚಿಮ: ಕಣ್ಣಿಗೆ ಹಬ್ಬ, ಗಾಡಿಗೆ ಪರೀಕ್ಷೆ

ಹೆದ್ದಾರಿ 89 ಎಮರಾಲ್ಡ್ ಬೇ ಕಡೆಗೆ ಹಾವಿನಂತೆ ಹತ್ತುತ್ತದೆ. ಒಂದೆಡೆಯಂತೂ ಏಣಿನ ಮೇಲೆ ದಾರಿ, ಎರಡೂ ಕಡೆ ಇಳಿಜಾರು. ಕೆಳಗೆ ಹಸಿರುನೀಲಿ ಕೊಲ್ಲಿ, ನಡುವೆ ಟಾಹೋದ ಏಕೈಕ ದ್ವೀಪ ಫ್ಯಾನೆಟ್. ಸಣ್ಣ ಕಾರಿನಲ್ಲೇ ಹೆಂಡತಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಿದ್ದಳು. ವರ್ಷಕ್ಕೊಮ್ಮೆ ಬಾಡಿಗೆ ಆರ್‌ವಿ ಓಡಿಸುವವರು ಈ ತಿರುವುಗಳಿಗೆ ಬರದಿರುವುದೇ ವಾಸಿ.

ಮುಂದಿನದು ಡಿ. ಎಲ್. ಬ್ಲಿಸ್ ಸ್ಟೇಟ್ ಪಾರ್ಕ್. ಬಂಡೆಗಳ ನಡುವಿನ ಸೈಟುಗಳು, ಸ್ಫಟಿಕದಂಥ ನೀರು, ದಡದುದ್ದಕ್ಕೂ ಕಾಲುದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ನೆವಾಡಾದ ಬೆಳ್ಳಿ ಗಣಿಗಳಿಗೆ ತೊಲೆ ಒದಗಿಸಲು ಟಾಹೋ ಸುತ್ತಲಿನ ಕಾಡಿನ ದೊಡ್ಡ ಭಾಗವನ್ನು ಕಡಿದರು. ಆ ಮರದ ವ್ಯಾಪಾರದ ದೊಡ್ಡ ಹೆಸರು ಬ್ಲಿಸ್. ಅವರ ಕುಟುಂಬವೇ 1929ರಲ್ಲಿ 744 ಎಕರೆ ನೆಲವನ್ನು ಸಾರ್ವಜನಿಕರಿಗೆ ಕೊಟ್ಟಿತು. ಇಂದು ನಮಗೆ ನೆರಳು ಕೊಡುವ ಮರಗಳಲ್ಲಿ ಬಹುಪಾಲು ಆ ಕಡಿತದ ನಂತರ ಚಿಗುರಿದ ಎರಡನೆಯ ತಲೆಮಾರಿನವು. ಬಿಟ್ಟರೆ ಕಾಡು ಮರಳಿ ಬರುತ್ತದೆ ಎಂಬ ಭರವಸೆ ಇಲ್ಲಿ ಕಣ್ಣೆದುರು ನಿಂತಿದೆ. ಆದರೆ ಇಲ್ಲಿ ಮೋಟರ್‌ಹೋಮ್ 18 ಅಡಿ, ಟ್ರೇಲರ್ 15 ಅಡಿ ಮೀರುವಂತಿಲ್ಲ. ಬರೀ ಟೆಂಟಿನವರಾಗಿದ್ದರೆ ಇದನ್ನೇ ಹಿಡಿಯುತ್ತಿದ್ದೆವು.

ತಟ್ಟೆ ಮುಳುಗುವ ಆಳ

ಈ ನೀರಿನ ತಿಳಿಯನ್ನು 1968ರಿಂದ ಅಳೆಯುತ್ತಿದ್ದಾರೆ. ಬಿಳಿ ತಟ್ಟೆಯೊಂದನ್ನು ಹಗ್ಗ ಕಟ್ಟಿ ಇಳಿಬಿಡುತ್ತಾರೆ, ಅದು ಕಣ್ಣಿಗೆ ಮರೆಯಾದ ಆಳವನ್ನು ಬರೆದಿಡುತ್ತಾರೆ. ಆ ಮೊದಲ ವರ್ಷದ ಸರಾಸರಿ 102.4 ಅಡಿ. ಇತ್ತೀಚಿನ ವರ್ಷಗಳಲ್ಲಿ ಅದು ಅರವತ್ತು ಎಪ್ಪತ್ತು ಅಡಿಗಳ ಆಸುಪಾಸಿನಲ್ಲಿದೆ. ದೊಡ್ಡ ಕಾರಣ ನುಣ್ಣನೆಯ ದೂಳು. ರಸ್ತೆಯಿಂದ, ಕೆದಕಿದ ನೆಲದಿಂದ ಮಳೆನೀರಿನೊಡನೆ ಕೊಚ್ಚಿ ಬಂದು, ತಳಕ್ಕಿಳಿಯದೆ ನೀರಿನಲ್ಲೇ ತೇಲುತ್ತದೆ. ಪಾಚಿಯೂ ಜೊತೆಗೂಡುತ್ತದೆ. ಸೈಟಿನ ಸುತ್ತ ಬಂಡೆ ಸಾಲು ಇಟ್ಟಿರುವುದು ಗಾಡಿ ಡಾಂಬರು ಬಿಟ್ಟು ಇಳಿಯದಿರಲಿ ಎಂದೇ.

ಕೊಳಚೆ ನೀರನ್ನಂತೂ ಶುದ್ಧೀಕರಿಸಿದ ಮೇಲೂ ಸರೋವರಕ್ಕೆ ಬಿಡುವುದಿಲ್ಲ. ಪಂಪ್ ಮಾಡಿ ಬೆಟ್ಟ ದಾಟಿಸಿ ಆಚೆಗೆ ಕಳಿಸುತ್ತಾರೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಕಂಡ ನಮಗೆ ಈ ಒಂದು ನಿರ್ಧಾರದ ಬೆಲೆ ಚೆನ್ನಾಗಿ ಗೊತ್ತು. ಆರ್‌ವಿಯ ಕೊಳೆ ನೀರನ್ನು ಡಂಪ್ ಸ್ಟೇಷನ್ನಿನಲ್ಲೇ ಬಿಡಬೇಕು, ಪಾತ್ರೆ ತೊಳೆದ ನೀರನ್ನು ಮರದ ಬುಡಕ್ಕೆ ಸುರಿಯಬಾರದು. ಇಲ್ಲಿ ಮಲಗಲು ನಾವು ಕೊಡಬೇಕಾದ ನಿಜವಾದ ಬಾಡಿಗೆ ಅದು.

ಶುಗರ್ ಪೈನ್ ಪಾಯಿಂಟ್: ಮಲಗಿ ನೋಡಿದ್ದು

ಆ ರಾತ್ರಿಗೆ ಶುಗರ್ ಪೈನ್ ಪಾಯಿಂಟ್ ಸ್ಟೇಟ್ ಪಾರ್ಕಿನ ಜನರಲ್ ಕ್ರೀಕ್ ಕ್ಯಾಂಪಿನಲ್ಲಿ ಒಂದು ಸೈಟ್ ಹಿಡಿದಿದ್ದೆವು. ಮೋಟರ್‌ಹೋಮಿಗೆ 32 ಅಡಿ, ಟ್ರೇಲರಿಗೆ 26 ಅಡಿಯವರೆಗೆ ಅವಕಾಶ. ಒಂದು ಸೈಟಿಗೆ 8 ಜನ. ನಮಗೆ ಅಕ್ಕಪಕ್ಕದ ಎರಡು ಬೇಕು. ಹೆದ್ದಾರಿ 80ರಿಂದ ಟ್ರಕ್ಕೀ ಊರು, ಅಲ್ಲಿಂದ ಟಾಹೋ ಸಿಟಿ ಮೂಲಕ ಬಂದರೆ ಎಮರಾಲ್ಡ್ ಬೇ ತಿರುವುಗಳನ್ನು ಮುಟ್ಟುವುದೇ ಬೇಡ. ಕ್ಯಾಂಪಿನಿಂದ ಸರೋವರ ಕಾಣುವುದಿಲ್ಲ. ರಸ್ತೆ ದಾಟಿ, 1903ರ ಹಳೆಯ ಬಂಗಲೆಯ ಹುಲ್ಲುಹಾಸು ಹಾದು ಹೋದರೆ ನೀರು.

ಕತ್ತಲಾಗುವ ಮೊದಲೇ ಕರಡಿ ಪೆಟ್ಟಿಗೆ ತುಂಬಿದೆವು. ಪ್ರತಿ ಸೈಟಿಗೂ ಒಂದು ದಪ್ಪ ಕಬ್ಬಿಣದ ಪೆಟ್ಟಿಗೆ. ಚಿಲಕ ಹೊರಗೆ ಕಾಣುವುದಿಲ್ಲ, ಒಂದು ತಗಡಿನ ಗೂಡಿನೊಳಗೆ ಬೆರಳು ತೂರಿಸಿ ಮೇಲಕ್ಕೊತ್ತಿದರೆ ತೆರೆಯುತ್ತದೆ. ಮನುಷ್ಯನ ಕೈ ಹೋಗುತ್ತದೆ, ಕರಡಿಯ ಪಂಜ ಹೋಗುವುದಿಲ್ಲ. ಅಕ್ಕಿ, ಉಪ್ಪಿನಕಾಯಿ, ತುಪ್ಪ ಒಳಗಿಟ್ಟು ಮುಚ್ಚಿದ ಮೇಲೆ ಹೆಂಡತಿ ಮತ್ತೆ ತೆರೆದು ಟೂತ್‌ಪೇಸ್ಟು, ಸೋಪು, ಕೊಬ್ಬರಿ ಎಣ್ಣೆಯ ಶೀಶೆ ಇಟ್ಟಳು. ವಾಸನೆ ಇರುವುದೆಲ್ಲ ಕರಡಿಗೆ ಊಟವೇ. ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಜೀವ ಕಳೆದುಕೊಳ್ಳುವುದು ಆ ಮೂಕಪ್ರಾಣಿಯೇ. ಪೆಟ್ಟಿಗೆ ಮುಚ್ಚುವುದು ನಮ್ಮ ರಕ್ಷಣೆಗಿಂತ ಹೆಚ್ಚಾಗಿ ಅದರ ರಕ್ಷಣೆಗೆ.

ಈ ಎತ್ತರದಲ್ಲಿ ನೀರು 94 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಕುಕ್ಕರ್ ತರಬೇಕು. ನಾವು ತಂದಿದ್ದೆವು. ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡುವಂತಿಲ್ಲ, ಜನರೇಟರಂತೂ ರಾತ್ರಿ ಎಂಟಕ್ಕೇ ನಿಲ್ಲಬೇಕು. ಹುಕ್‌ಅಪ್ ಇಲ್ಲದಿದ್ದರೂ ಆರ್‌ವಿಯ ಹೀಟರ್ ಪ್ರೊಪೇನಿನಿಂದ ಉರಿಯುತ್ತದೆ, ಅದರ ಫ್ಯಾನಿಗೆ ಬ್ಯಾಟರಿ ಸಾಕು. ಹಗಲಲ್ಲಿ ಚಾರ್ಜು ಮಾಡಿಕೊಂಡರೆ ಅಮ್ಮನಿಗೆ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿಕೊಂಡೆವು.

ಇನ್ನೂ ಒಂದು ಲೆಕ್ಕ ಇತ್ತು. 2021ರ ಆಗಸ್ಟ್ ಕೊನೆಯಲ್ಲಿ ಕಾಲ್ಡೋರ್ ಕಾಡ್ಗಿಚ್ಚು ಬಂದಾಗ ಸೌತ್ ಲೇಕ್ ಟಾಹೋ ಊರೇ ಖಾಲಿಯಾಗಬೇಕಾಯಿತು. ಎಲ್ಲಿ ಮಲಗಿದರೂ ಹೊರಬೀಳುವ ಎರಡು ದಾರಿ ಗೊತ್ತಿರಬೇಕು. ಬೆಂಕಿ ಹಾಕಲು ಆ ದಿನ ಅನುಮತಿ ಇದೆಯೇ ಎಂದು ಕೇಳಬೇಕು, ಸೌದೆಯನ್ನು ಊರಿಂದ ತರದೆ ಇಲ್ಲೇ ಕೊಳ್ಳಬೇಕು. ಸೌದೆಯೊಳಗೆ ಕೂತು ಹುಳುಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುತ್ತವೆ. ಜುಲೈಗೆ ಜಾಗ ಬೇಕಿದ್ದವರು ಆರು ತಿಂಗಳ ಮುಂಚೆ, ಜನವರಿಯಲ್ಲೇ, ಬುಕಿಂಗ್ ತೆರೆಯುವ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರಿನ ಮುಂದೆ ಕೂತಿರಬೇಕು. ಸೈಟ್ ಸಂಖ್ಯೆಗಳನ್ನು ನಾವು ನಡೆದು ನೋಡಿ ಬರೆದುಕೊಂಡಿದ್ದೆವು.

ಆಮೇಲೆ ದೀಪ ಆರಿಸಿ ಮಲಗಿದೆವು. ಗಾಳಿಯನ್ನು ಮರಗಳು ಮೇಲೇ ತಡೆದುಕೊಂಡವು. ಒಮ್ಮೆ ಎಲ್ಲೋ ಶುಗರ್ ಪೈನಿನ ಉದ್ದನೆಯ ಕಾಯಿ ದೊಪ್ಪನೆ ಬಿತ್ತು. ಅದು ಬಿಟ್ಟರೆ ಏನೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಪೆಟ್ಟಿಗೆ ತೆಗೆದರೆ ಕೊಬ್ಬರಿ ಎಣ್ಣೆ ಕಲ್ಲಾಗಿತ್ತು. ಶೀಶೆಯನ್ನು ಅಂಗೈಯಲ್ಲಿ ಉಜ್ಜಿಕೊಳ್ಳುತ್ತಲೇ ರಸ್ತೆ ದಾಟಿ ನೀರಿಗೆ ನಡೆದೆವು. ಅಲೆಯಿಲ್ಲದ ನೀರಿನ ತಳದಲ್ಲಿ ಒಂದೊಂದು ಬೆಣಚುಕಲ್ಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು.

ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದೆ. ಸರೋವರ ಹೇಗಿದೆ ಎಂದು ಅವರು ಕೇಳಲಿಲ್ಲ.

‘ರಾತ್ರಿ ನಿದ್ದೆ ಬಂತಾ?’

‘ಬಂತಮ್ಮ, ಆರರವರೆಗೂ ಎಚ್ಚರವಾಗಲಿಲ್ಲ.’

‘ಹಾಗಿದ್ದರೆ ಅದೇ ಇರಲಿ’ ಅಂದರು.