ಮಸಾಲೆ ಡಬ್ಬಿಯಲ್ಲಿ ಅಡಗಿ ಕೂತ ವೆನಿಲ್ಲಾ ಮನೆತನ

ಅಡುಗೆಮನೆಯ ಮಸಾಲೆ ಡಬ್ಬಿ ತೆಗೆಯಿರಿ. ಒಂದು ಲವಂಗ ಎತ್ತಿ, ಜಜ್ಜಿ, ಮೂಗಿನ ಹತ್ತಿರ ಹಿಡಿಯಿರಿ. ಮೂಗಿಗೆ ಬಡಿದ ಆ ಘಾಟು ಯಾರದು ಗೊತ್ತೇ? ವೆನಿಲ್ಲಾದ ಒಡಹುಟ್ಟಿದ ಅಣ್ಣನದು! ಪಕ್ಕದ ಬಟ್ಟಲಲ್ಲಿರುವ ಅರಿಶಿನ ಅದೇ ಮನೆತನದ್ದು. ಬುಟ್ಟಿಯಲ್ಲಿರುವ ಶುಂಠಿಯೂ ಅದೇ. ಇನ್ನೂ ಬೆರಗಿನದು ಬೇಕೇ? ಕಣ್ಣಲ್ಲಿ ನೀರು ತರಿಸುವ ಆ ಒಣಮೆಣಸಿನಕಾಯಿಯೂ ಅದೇ ಮನೆಯ ಮಗ. ಈ ಸಂಗತಿ ತಿಳಿದ ಮೇಲೆ ಕಲಬುರಗಿಯ ಚಹಾ ಅಂಗಡಿಯ ಗಾಜಿನ ಡಬ್ಬಿಯಲ್ಲಿರುವ ಒಂದೊಂದು ಬಿಸ್ಕಿಟೂ ನನಗೆ ಹೊಸದಾಗಿ ಕಾಣುತ್ತಿದೆ.

ಕುಕೀಸ್ ಮಾಡುವ ವಿಧಾನ ಯಾವುದನ್ನೇ ಓದಿ ನೋಡಿ. ಹಿಟ್ಟು, ಸಕ್ಕರೆ, ಬೆಣ್ಣೆ ಆದ ಮೇಲೆ ‘ಒಂದು ಚಮಚ ವೆನಿಲ್ಲಾ’ ಬಂದೇ ಬರುತ್ತದೆ. ಅದು ಮನೆಯಲ್ಲಿ ಇಲ್ಲವೆಂದು ಎಷ್ಟೋ ಜನ ಹಿಟ್ಟು ಕಲಸುವುದನ್ನೇ ಕೈಬಿಡುತ್ತಾರೆ. ಕಲಬುರಗಿಯಲ್ಲಿ ಆ ಪುಕ್ಕಟೆ ಚಿಂತೆಗೆ ಜಾಗವಿಲ್ಲ. ‘ವೆನಿಲ್ಲಾ ಯಾಕ್ರೀ? ಯಾಲಕ್ಕಿ ಅದ ಅಲ್ರೀ!’ ಅಷ್ಟೇ, ಮಾತು ಮುಗಿಯಿತು.

ಈ ಧೈರ್ಯ ಎಲ್ಲಿಂದ ಬಂತು ಅನ್ನುವುದಕ್ಕೆ ಊರಿನ ನಡುವಿನ ಐವಾನ್-ಎ-ಶಾಹಿಯನ್ನೇ ನೋಡಬಹುದು. ಹೈದರಾಬಾದಿನ ನಿಜಾಮರು ಕಲಬುರಗಿಗೆ ಬಂದರೆ ಇಳಿದುಕೊಳ್ಳುತ್ತಿದ್ದ ಕಲ್ಲಿನ ಭವ್ಯ ಮನೆ ಅದು; ಈಗ ಸರ್ಕಾರಿ ಅತಿಥಿಗೃಹ. 1948ರ ಸೆಪ್ಟೆಂಬರ್‌ವರೆಗೂ ಈ ಸೀಮೆ ಹೈದರಾಬಾದ್ ಸಂಸ್ಥಾನದ್ದು. ಆಳ್ವಿಕೆ ಹೋಯಿತು, ನಾಲಿಗೆಯ ರುಚಿ ಹೋಗಲಿಲ್ಲ. 1911ರಿಂದ ಆಳಿದ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತ ಉಸ್ಮಾನಿಯಾ ಬಿಸ್ಕಿಟು ಇಂದಿಗೂ ಚಹಾದ ಜೊತೆಗಾರ. ಅರ್ಧ ಸಿಹಿ, ಅರ್ಧ ಉಪ್ಪು, ಬಾಯಲ್ಲಿಟ್ಟರೆ ಕರಗುವ ಮೈ. ಏಲಕ್ಕಿಯ ಪರಿಮಳ, ಕೈ ಧಾರಾಳವಿದ್ದ ಕಡೆ ಕೇಸರಿ. (ಕೆಲವರು ಕಸ್ಟರ್ಡ್ ಪುಡಿ ಹಾಕುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ವೆನಿಲ್ಲಾ ವಾಸನೆ ಬೆರೆಸಿಯೇ ಇರುತ್ತದೆ, ಹಾಗಾಗಿ ನಮ್ಮ ಲೆಕ್ಕಕ್ಕೆ ಅದು ಬೇಡ.) ಇದರ ಜೊತೆಗೆ ನಾನ್‌ಖಟಾಯಿ. ಹಬ್ಬ ಹತ್ತಿರ ಬಂತೆಂದರೆ ಹಿಟ್ಟು, ಸಕ್ಕರೆ, ತುಪ್ಪವನ್ನು ಮನೆಯಿಂದಲೇ ಒಯ್ದು, ಬೇಕರಿಯ ಭಟ್ಟಿಯಲ್ಲಿ ಸುಡಿಸಿ, ಡಬ್ಬಿ ತುಂಬಿಸಿಕೊಂಡು ಬರುವ ರೂಢಿ ದಖ್ಖನಿನ ಊರುಗಳದು. ಆ ಸಾಮಾನಿನ ಚೀಲದಲ್ಲಿ ಏಲಕ್ಕಿಯ ಪೊಟ್ಟಣವಿದ್ದರೆ ಸಾಕು, ವೆನಿಲ್ಲಾ ಶೀಶೆಯನ್ನು ಯಾರೂ ಹುಡುಕುವುದಿಲ್ಲ.

ಹಾಗೆಂದು ವೆನಿಲ್ಲಾ ಸಣ್ಣದೆಂದಲ್ಲ. ಅದರ ಕಥೆಯೇ ಮೈನವಿರೇಳಿಸುವಂಥದ್ದು. ಮೂಲ ಮೆಕ್ಸಿಕೋ ಕಡೆಯ ಒಂದು ಸೀತಾಳೆ ಬಳ್ಳಿ. ಹೂವು ಅರಳುವುದು ಒಂದೇ ಒಂದು ಬೆಳಗ್ಗೆ; ಅಷ್ಟರಲ್ಲಿ ಪರಾಗ ಸೋಕದಿದ್ದರೆ ಕೋಡಿಲ್ಲ. ಊರು ಬಿಟ್ಟು ಬಂದ ಬಳ್ಳಿಗೆ ತವರಿನ ಜೇನು ಸಿಗದೆ ಅದು ಬರೀ ಹೂಬಿಟ್ಟು ನಿಂತಿತ್ತು. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಗುಲಾಮಗಿರಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್, ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಆ ಪರಾಗ ಮುಟ್ಟಿಸುವ ಬಗೆ ಕಂಡುಹಿಡಿದ. ಜಗತ್ತಿನ ತೋಟಗಳಲ್ಲಿ ಇಂದಿಗೂ ಅದೇ ಕೈಚಳಕ! ನಮ್ಮ ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೂ ಅದೇ. 2003ರ ಸುಮಾರಿಗೆ ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ ಬಂದು, ರಾತ್ರಿ ತೋಟಕ್ಕೆ ಕಾವಲು ಕೂತವರಿದ್ದರು. ಬೆಲೆ ಬಿದ್ದಾಗ ಬಳ್ಳಿಯನ್ನೇ ಕಿತ್ತು ಹಾಕಿದವರೂ ಇದ್ದರು.

ಆದರೆ ಅಂಗಡಿಯ ಚಿಕ್ಕ ಶೀಶೆಯಲ್ಲಿ ‘ವೆನಿಲ್ಲಾ ಎಸೆನ್ಸ್’ ಎಂದು ಕೊಳ್ಳುವುದರಲ್ಲಿ ಬಹುಪಾಲು ಆ ಬಳ್ಳಿಯ ನೆರಳನ್ನೂ ಕಂಡದ್ದಲ್ಲ. ವೆನಿಲ್ಲಾ ಘಮದ ಮುಖ್ಯ ವಸ್ತುವಿನ ಹೆಸರು ವೆನಿಲಿನ್. ಜಗತ್ತು ಬಳಸುವ ವೆನಿಲಿನ್‌ನಲ್ಲಿ ಕೋಡಿನಿಂದ ಬರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಳಿದದ್ದು ಕಾರ್ಖಾನೆಯದು. ಅದು ಹೇಗೆ ಹುಟ್ಟಿತು ಎಂದು ಹಿಂಬಾಲಿಸಿ ಹೋದರೆ, ದಾರಿ ನೆಟ್ಟಗೆ ನಮ್ಮ ಮಸಾಲೆ ಡಬ್ಬಿಗೇ ಬಂದು ನಿಲ್ಲುತ್ತದೆ!

1874ರಲ್ಲಿ ಜರ್ಮನಿಯ ಫರ್ಡಿನಾಂಡ್ ಟೀಮನ್ ಮತ್ತು ವಿಲ್ಹೆಲ್ಮ್ ಹಾರ್ಮನ್, ಪೈನ್ ಜಾತಿಯ ಮರದ ರಸದಲ್ಲಿದ್ದ ಕೋನಿಫೆರಿನ್ ಎಂಬ ವಸ್ತುವಿನಿಂದ ವೆನಿಲಿನ್ ತಯಾರಿಸಿದರು. ಎಲ್ಲಿಯ ಸೀತಾಳೆ, ಎಲ್ಲಿಯ ಪೈನ್! ಆಮೇಲೆ ದಶಕಗಳ ಕಾಲ ಅದನ್ನು ಮಾಡಿದ್ದು ಲವಂಗದ ಎಣ್ಣೆಯಿಂದ. ಲವಂಗದ ಘಾಟಿನ ಜೀವ ಯೂಜೆನಾಲ್. ಆ ಅಣುವಿನ ಬಾಲವನ್ನು ಕತ್ತರಿಸಿ ತಿದ್ದಿದರೆ ಕೈಗೆ ಬರುವುದು ವೆನಿಲಿನ್. ಎರಡರ ಮೈಕಟ್ಟೂ ಒಂದೇ: ಆರು ಇಂಗಾಲದ ಒಂದು ಉಂಗುರ, ಅದರ ಮೇಲೆ ಅಕ್ಕಪಕ್ಕದಲ್ಲಿ ಎರಡು ಗುರುತು, ಒಂದು ಹೈಡ್ರಾಕ್ಸಿಲ್, ಇನ್ನೊಂದು ಮೆಥಾಕ್ಸಿ. ಬೇರೆಬೇರೆ ಊರಲ್ಲಿ ಬೆಳೆದ ಅಣ್ಣತಮ್ಮಂದಿರ ಮುಖದಲ್ಲಿ ಅಜ್ಜನ ಮೂಗು ಕಾಣುವಂತೆ, ಈ ಎರಡು ಗುರುತು ಆ ಮನೆತನದವರೆಲ್ಲರ ಮೈಮೇಲಿದೆ.

ಆ ಗುರುತು ಹಿಡಿದು ಹುಡುಕುತ್ತಾ ಹೋಗಿ. ಹಸಿಶುಂಠಿಯ ಖಾರದ ಜಿಂಜೆರಾಲ್‌ನಲ್ಲಿ ಅದಿದೆ. ಶುಂಠಿಯನ್ನು ಬೇಯಿಸಿದಾಗ ಜಿಂಜೆರಾಲ್ ಒಡೆದು ಜಿಂಜೆರೋನ್ ಎಂಬ ಸೌಮ್ಯ, ಸಿಹಿವಾಸನೆಯ ವಸ್ತು ಹುಟ್ಟುತ್ತದೆ. ಅದು ವೆನಿಲಿನ್‌ಗೆ ಎಷ್ಟು ಹತ್ತಿರವೆಂದರೆ, 20ನೇ ಶತಮಾನದ ಆರಂಭದಲ್ಲಿ ಅದನ್ನು ಶುಂಠಿಯಿಂದ ಬೇರ್ಪಡಿಸಿದ ಜಪಾನಿನ ಹಿರೋಶಿ ನೊಮುರಾ, ಪ್ರಯೋಗಾಲಯದಲ್ಲಿ ಅದನ್ನು ಕಟ್ಟಿದ್ದೇ ವೆನಿಲಿನ್‌ನಿಂದ. ಅಂದರೆ ಶುಂಠಿ ಬಿಸ್ಕಿಟು ಭಟ್ಟಿಯಲ್ಲಿ ಬೇಯುವಾಗ, ಶೀಶೆ ತೆರೆಯದೆಯೇ ಒಳಗೊಳಗೇ ವೆನಿಲ್ಲಾದ ನೆಂಟ ತಯಾರಾಗುತ್ತಿರುತ್ತದೆ!

ಅರಿಶಿನದ ಕರ್ಕ್ಯುಮಿನ್‌ನಲ್ಲಿ ಆ ಉಂಗುರ ಎರಡು ಸಲ ಇದೆ, ಎಡತುದಿಗೊಂದು ಬಲತುದಿಗೊಂದು. ಕ್ಷಾರದಲ್ಲಿ ಕರ್ಕ್ಯುಮಿನ್ ಮೆಲ್ಲಗೆ ಒಡೆದಾಗ ಸಿಗುವ ಚೂರುಗಳಲ್ಲಿ ವೆನಿಲಿನ್ ಕೂಡ ಒಂದು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವಾಗ ನಮ್ಮ ಹೆಣ್ಣುಮಕ್ಕಳು ಕೈಯಾಡಿಸುವುದು ಇದೇ ರಸಾಯನದಲ್ಲಿ.

ಇನ್ನು ಮೆಣಸಿನಕಾಯಿ! ಖಾರದ ಕ್ಯಾಪ್ಸೈಸಿನ್‌ನ ತಲೆಯ ಭಾಗ ಅದೇ ಉಂಗುರ. ಅಷ್ಟೇ ಅಲ್ಲ, ಕಾಯೊಳಗಿನ ಬಿಳಿ ತಿರುಳಿನಲ್ಲಿ ಗಿಡ ಮೊದಲು ತಯಾರಿಸುವುದು ವೆನಿಲಿನ್ನನ್ನೇ. ಅದನ್ನು ಇನ್ನೊಂದು ವಸ್ತುವಾಗಿ ತಿರುಗಿಸಿ, ಉದ್ದನೆಯ ಕೊಬ್ಬಿನ ಬಾಲ ಜೋಡಿಸಿದಾಗಲೇ ಅದು ಖಾರ. ನಮ್ಮ ನಾಲಿಗೆಯ ನರದಲ್ಲಿ ಖಾರವನ್ನು ಗುರುತಿಸುವ ಗ್ರಾಹಿಯನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ತಂಡ ಅದಕ್ಕಿಟ್ಟ ಹೆಸರಿನಲ್ಲಿಯೇ ವೆನಿಲ್ಲಾ ಇದೆ: ವೆನಿಲಾಯ್ಡ್ ಗ್ರಾಹಿ. ಆ ಸಂಶೋಧನೆಗೆ 2021ರ ನೊಬೆಲ್ ಬಂತು. ಐಸ್‌ಕ್ರೀಮಿನ ವೆನಿಲ್ಲಾ ಘಮಕ್ಕೂ ಮೆಣಸಿನಕಾಯಿಯ ಬೆಂಕಿಗೂ ಬೇರು ಒಂದೇ ಎಂದರೆ ಯಾರು ನಂಬುತ್ತಾರೆ! ನಮ್ಮ ಬೇಕರಿಗಳ ಖಾರಾ ಬಿಸ್ಕಿಟನ್ನು ಇನ್ನು ಮೇಲೆ ಗೌರವದಿಂದ ಮುರಿಯುವುದು ಒಳ್ಳೆಯದು.

ಮಸಾಲೆ ಬಿಡಿ, ಕಲಬುರಗಿಯ ಹೊಲಕ್ಕೆ ಬನ್ನಿ. ಇಲ್ಲಿ ಊಟವೆಂದರೆ ಜೋಳದ ರೊಟ್ಟಿ. ಜೋಳದ ಕಾಳಿನ ಹೊರಪದರದಲ್ಲಿ, ಗೋಡೆಗೆ ಅಂಟಿಸಿದಂತೆ ಬಿಗಿಯಾಗಿ ಕೂತಿರುವುದು ಫೆರುಲಿಕ್ ಆಮ್ಲ. ಅದರ ಮೈಮೇಲೂ ಅದೇ ಎರಡು ಗುರುತು! ಅಕ್ಕಿ ತೌಡಿನಿಂದ ಇದೇ ಆಮ್ಲ ತೆಗೆದು, ಸೂಕ್ಷ್ಮಜೀವಿಗಳಿಗೆ ಉಣಿಸಿ, ‘ನೈಸರ್ಗಿಕ ವೆನಿಲಿನ್’ ತಯಾರಿಸುವ ಉದ್ಯಮವೇ ಇದೆ. ಜೋಳ ಹುರಿದರೆ ಮನೆಯೆಲ್ಲ ವೆನಿಲ್ಲಾ ಘಮಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಶಾಖಕ್ಕೆ ಬಿಡಿಸಿಕೊಂಡು ಬರುವುದು ಅತಿ ಸ್ವಲ್ಪ. ಹುರಿದ ಜೋಳಕ್ಕೆ ಅದರದೇ ಬೆಚ್ಚನೆಯ ವಾಸನೆ. ಆದರೆ ಒಂದೇ ಒಂದು ಮೂಲಕಟ್ಟು ಸೀತಾಳೆಯ ಕೋಡಿನಲ್ಲೂ ಎರೆಮಣ್ಣಿನ ಜೋಳದಲ್ಲೂ ಇದೆಯಲ್ಲ, ನನ್ನನ್ನು ಬೆರಗಾಗಿಸುವುದು ಅದು.

ಅಲ್ಲಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಕೆಂಪು ಸಿಪ್ಪೆ, ಕೆನೆಬಣ್ಣದ ದಪ್ಪ ತಿರುಳು. ಗೊನೆ ಕೈಗೆ ಬರಲು ಬೇರೆ ಬಾಳೆಗಿಂತ ತಿಂಗಳುಗಟ್ಟಲೆ ಹೆಚ್ಚು ಕಾಯಬೇಕು, ಬೆಲೆಯೂ ಹಾಗೇ ಇರುತ್ತದೆ. ಬಾಳೆಹಣ್ಣಿನ ಮೇಲುವಾಸನೆಯನ್ನು ಕೊಡುವುದು ಐಸೊಅಮೈಲ್ ಅಸಿಟೇಟ್. ಅದರ ಕೆಳಗೆ, ಚೆನ್ನಾಗಿ ಕಳಿತ ಹಣ್ಣಿನಲ್ಲಿ ಒಂದು ಗಾಢವಾದ ಮೆತ್ತನೆ ಪರಿಮಳ ಇರುತ್ತದಲ್ಲ? ಅದರಲ್ಲಿ ಪಾಲುದಾರ ಯಾರೆಂದು ನೋಡಿದರೆ ಯೂಜೆನಾಲ್! ಲವಂಗದ ಆ ಅಣ್ಣ ಬಾಳೆಹಣ್ಣಿನೊಳಗೂ ಸದ್ದಿಲ್ಲದೆ ಕೂತಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೆ ಏಲಕ್ಕಿಯ ವಿಷಯದಲ್ಲಿ ಸತ್ಯ ಹೇಳಬೇಕು: ಅದು ಈ ಮನೆತನದ್ದಲ್ಲ. ಅದರ ಪರಿಮಳ ಸಿನಿಯೋಲ್ ಮತ್ತು ಟರ್ಪಿನೈಲ್ ಅಸಿಟೇಟ್‌ನದು, ರಕ್ತಸಂಬಂಧವಿಲ್ಲ. ಆದರೂ ವೆನಿಲ್ಲಾದ ಕೆಲಸವನ್ನು ನಮ್ಮಲ್ಲಿ ಪೂರ್ತಿಯಾಗಿ ಮಾಡುವುದು ಅದೇ. ವೆನಿಲ್ಲಾ ನಾಲಿಗೆಗೆ ಸಿಹಿಯಲ್ಲ, ಕಹಿ. ಚಿಕ್ಕಂದಿನಿಂದ ಸಿಹಿ ತಿನಿಸಿನಲ್ಲೇ ಅದನ್ನು ಮೂಸಿ ಬೆಳೆದವರಿಗೆ ಆ ವಾಸನೆ ಬಂದರೆ ಸಕ್ಕರೆ ಹೆಚ್ಚಿದಂತೆ ಅನ್ನಿಸುತ್ತದೆ. ನಾವು ಏಲಕ್ಕಿ ಮೂಸಿ ಬೆಳೆದದ್ದು ಪಾಯಸದಲ್ಲಿ, ಹೋಳಿಗೆಯಲ್ಲಿ, ಉಂಡೆಯಲ್ಲಿ. ಹಾಗಾಗಿ ನಮ್ಮ ಮೂಗಿಗೆ ಏಲಕ್ಕಿಯೇ ಸಿಹಿಯ ಮುನ್ಸೂಚನೆ. ವೆನಿಲ್ಲಾ ಇಲ್ಲದ ಬಿಸ್ಕಿಟು ನಮಗೆ ಬಡವಾಗಿ ಕಾಣದಿರುವುದು ಇದಕ್ಕೇ ಎಂದು ನನ್ನ ನಂಬಿಕೆ.

ಸರಿ, ಹಿಟ್ಟು ಕಲಸೋಣ. ತುಪ್ಪ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಮೈದಾ 100 ಗ್ರಾಂ, ಜೋಳದ ಹಿಟ್ಟು 50 ಗ್ರಾಂ, ಕಡಲೆಹಿಟ್ಟು 25 ಗ್ರಾಂ, ಅರ್ಧ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಜೋಳದ ಹಿಟ್ಟನ್ನು ಸಣ್ಣ ಉರಿಯಲ್ಲಿ, ಘಮ ಏಳುವವರೆಗೆ ಒಣ ಬಾಣಲೆಯಲ್ಲಿ ಹುರಿದು ಪೂರ್ತಿ ಆರಿಸಿಕೊಳ್ಳಬೇಕು, ಕಡಲೆಹಿಟ್ಟನ್ನೂ ಹಾಗೆಯೇ. ನಾಲ್ಕು ಏಲಕ್ಕಿಯ ಬೀಜ ಮತ್ತು ಒಂದೇ ಒಂದು ಲವಂಗವನ್ನು ಸಕ್ಕರೆ ಜೊತೆ ಕುಟ್ಟಿ. ಲವಂಗ ಎರಡಾದರೆ ಅದೇ ಯಜಮಾನನಾಗಿಬಿಡುತ್ತದೆ. ಒಂದಾದರೆ ತಿಂದವರಿಗೆ ಲವಂಗವೆಂದು ತಿಳಿಯುವುದಿಲ್ಲ, ಏನೋ ಒಂದು ದುಂಡಗಿನ ರುಚಿ ಅನ್ನಿಸುತ್ತದೆ ಅಷ್ಟೇ. ಆ ದುಂಡುತನವನ್ನೇ ಜನ ವೆನಿಲ್ಲಾದಲ್ಲಿ ಹುಡುಕುವುದು.

ಈ ಪರಿಮಳಗಳೆಲ್ಲ ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥವು, ಆದ್ದರಿಂದ ತುಪ್ಪಕ್ಕೇ ಮೊದಲು ಸಕ್ಕರೆ-ಮಸಾಲೆ ಬೆರೆಸಿ ಬೆಳ್ಳಗಾಗುವವರೆಗೆ ತಿಕ್ಕಬೇಕು. ಮೇ ತಿಂಗಳ ಕಲಬುರಗಿಯಲ್ಲಿ ತುಪ್ಪ ನೀರಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟು ಅದು ಹೆಪ್ಪುಗಟ್ಟಿದ ಮೇಲೆಯೇ ತಿಕ್ಕಿ, ಇಲ್ಲದಿದ್ದರೆ ಬಿಸ್ಕಿಟು ತಟ್ಟೆ ತುಂಬ ಹರಡಿಕೊಳ್ಳುತ್ತದೆ. ಹಿಟ್ಟು ಸೇರಿಸಿದ ಮೇಲೆ ನಾದುವುದು ಬೇಡ, ಕೂಡಿಸಿದರೆ ಸಾಕು. ಉಂಡೆ ಕಟ್ಟಿ, ತುಸು ಒತ್ತಿ, 160 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಕಾಯಿಸಿ, ಮೇಲೊಂದು ತಟ್ಟೆಯಿಟ್ಟು ಮುಚ್ಚಿ ಬೇಯಿಸಬಹುದು. ಇನ್ನೊಂದೈದಾರು ನಿಮಿಷ ಹೆಚ್ಚು ಹಿಡಿಯುತ್ತದೆ. ಅಂಚು ಕೆಂಪೇರುವಾಗ ಸಕ್ಕರೆಯೂ ಹಿಟ್ಟಿನ ಪ್ರೋಟೀನೂ ಕೂಡಿ ನೂರಾರು ಹೊಸ ವಾಸನೆಗಳು ಹುಟ್ಟುತ್ತವೆ; 1912ರಲ್ಲಿ ಫ್ರಾನ್ಸಿನ ಲೂಯಿ ಮೈಯಾರ್ ವಿವರಿಸಿದ ಕ್ರಿಯೆ ಇದು. ಯಾವ ಶೀಶೆಯೂ ಕೊಡಲಾರದ ಪರಿಮಳ ಅದು.

ಕಮಲಾಪುರದ ಬಾಳೆ ಸೇರಿಸುವ ಆಸೆಯಿದ್ದರೆ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ ಅರ್ಧ ಹಣ್ಣನ್ನು ಕಿವುಚಿ, ಒಂದು ಚಮಚ ತುಪ್ಪದಲ್ಲಿ ನೀರೆಲ್ಲ ಹೋಗಿ ಹಲ್ವದಂತೆ ಮುದ್ದೆಯಾಗುವವರೆಗೆ ತಿರುವಿ, ಆರಿಸಿ ಬೆರೆಸಿ. ಆಗ ಸಕ್ಕರೆ 60 ಗ್ರಾಂ ಸಾಕು. ಬಿಸ್ಕಿಟು ತುಸು ಮೆತ್ತಗಾಗುತ್ತದೆ, ಎರಡು ದಿನದೊಳಗೆ ತಿಂದು ಮುಗಿಸಬೇಕು. ಶುಂಠಿ ಇಷ್ಟಪಡುವವರು ಏಲಕ್ಕಿ ಬಿಟ್ಟು, ಒಂದು ಚಮಚ ಹಸಿಶುಂಠಿಯ ತುರಿಯನ್ನು ತುಪ್ಪದಲ್ಲಿ ಗರಿಗರಿಯಾಗಿ ಹುರಿದು ಹಾಕಲಿ. ಬಾಳೆಯನ್ನೂ ಶುಂಠಿಯನ್ನೂ ಒಟ್ಟಿಗೆ ಹಾಕಬಹುದೇ? ಧಾರಾಳವಾಗಿ, ಅವರು ಹೇಗೂ ನೆಂಟರು!