ಮುಖದ ಮರೆವು ಸೊಕ್ಕಲ್ಲ

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಮೂವತ್ತರ ವಯಸ್ಸಿನ ಮಗನನ್ನು ನಮ್ಮಲ್ಲಿಗೆ ಕರೆತಂದರು. “ಸಂತೆಯಲ್ಲಿ ಸೋದರಮಾವ ಎದುರಾದರೂ ಮಾತನಾಡಿಸುವುದಿಲ್ಲ ಡಾಕ್ಟರೇ, ಸೊಕ್ಕಿನವನೆಂದು ಬಂಧುಗಳು ದೂರುತ್ತಾರೆ” ಎಂದು ಕಣ್ಣೀರಿಟ್ಟರು. ಸ್ಮೃತಿ ಕುಂದಿದೆಯೆಂದು ಬಗೆದು ನಾವು ಬ್ರಾಹ್ಮೀಘೃತವನ್ನು ಕೊಟ್ಟೆವು. ಅದು ನಮ್ಮ ತಪ್ಪು. ಹತ್ತು ವರ್ಷದ ಹಿಂದಿನ ಮಾತನ್ನೂ ಚಾಚೂ ತಪ್ಪದೆ ಹೇಳುವವನಿಗೆ ಸ್ಮೃತಿಯ ಕೊರತೆ ಎಲ್ಲಿಯದು? ಮನೋವೈದ್ಯರ ಪರೀಕ್ಷೆಯಿಂದ ಅವನಿಗೆ ಆಟಿಸಂ ಇರುವುದು ತಿಳಿಯಿತು.

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯ ಒಂದು ಭಿನ್ನ ಬಗೆ. 1943ರಲ್ಲಿ ಲಿಯೋ ಕ್ಯಾನರ್ ಅವರು ಇದನ್ನು ಮಕ್ಕಳಲ್ಲಿ ವಿವರಿಸಿದರು. ಆ ಮಕ್ಕಳೂ ದೊಡ್ಡವರಾಗುತ್ತಾರೆಂಬುದನ್ನು ನಾವು ಮರೆಯುತ್ತೇವೆ. ಇಂಥ ವಯಸ್ಕರಲ್ಲಿ ಎಲ್ಲರಿಗಲ್ಲದಿದ್ದರೂ ಹಲವರಿಗೆ, ಕಂಡ ಮುಖವನ್ನು ಮತ್ತೆ ಗುರುತಿಸುವುದು ಕಷ್ಟ. ದೋಷ ಕಣ್ಣಿನದಲ್ಲ. ದನಿ, ನಡಿಗೆ, ಕನ್ನಡಕ, ಮೀಸೆಗಳ ಆಸರೆಯಿಂದ ಅವರು ವ್ಯಕ್ತಿಯನ್ನು ಅರಿಯುತ್ತಾರೆ. ಮೀಸೆ ಬೋಳಿಸಿದರೆ ಅಥವಾ ಅನಿರೀಕ್ಷಿತ ಸ್ಥಳದಲ್ಲಿ ಕಂಡರೆ ಗುರುತು ತಪ್ಪುತ್ತದೆ. ಮುಖ ಗುರುತಿಸಲಾಗದ ತೊಡಕಿಗೆ 1947ರಲ್ಲಿ ಜರ್ಮನಿಯ ವೈದ್ಯ ಬೋಡಾಮರ್ ಅವರು ಪ್ರೊಸೊಪಗ್ನೋಸಿಯಾ ಎಂದು ಹೆಸರಿಟ್ಟರು. ಆಟಿಸಂ ಇಲ್ಲದವರಲ್ಲಿಯೂ ಇದು ಉಂಟು. ಆದರೆ ಹಿರಿಯರಿಗೆ ಹಠಾತ್ತನೆ ಪರಿಚಿತರ ಗುರುತು ಹತ್ತದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು.

ಹುಟ್ಟಿನಿಂದ ಬಂದ ಈ ತೊಡಕನ್ನು ನೀಗಿಸುವ ಗುಳಿಗೆಯಾಗಲಿ ಘೃತವಾಗಲಿ ಇಲ್ಲ. ಎದುರಾದವರೇ ಮೊದಲು ಹೆಸರು ಹೇಳಿಕೊಳ್ಳಬೇಕು. “ನಾನು ಯಾರು, ಹೇಳು ನೋಡೋಣ” ಎಂದು ನಾಲ್ವರ ಮುಂದೆ ಪರೀಕ್ಷಿಸಬಾರದು. ಮದುವೆ ಜಾತ್ರೆಗಳಲ್ಲಿ ಮನೆಯವರೊಬ್ಬರು ಜೊತೆಗಿದ್ದು, ಬಂದವರ ಹೆಸರನ್ನು ಮೆಲ್ಲನೆ ತಿಳಿಸಿದರೆ ಒಳಿತು.

ಈಗ ಆ ಸೋದರಮಾವ ದೂರದಿಂದಲೇ “ನಾನಪ್ಪಾ, ನಿನ್ನ ಮಾವ” ಎನ್ನುತ್ತಾರೆ. ಅಳಿಯ ನಿಂತು ಕೈಮುಗಿಯುತ್ತಾನೆ.